ಸರಪಳಿಯಿಲ್ಲದ ಬಂಡಿ

ಮೈಸೂರಿನ ರಸ್ತೆಯಲ್ಲಿ ಹಳೆಯ ಜಾವಾ ಮೋಟಾರ್ ಸೈಕಲ್ಲೊಂದು ಬರುತ್ತಿದ್ದರೆ, ಅದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಗುರುತು ಸಿಕ್ಕುತ್ತದೆ. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ. ಎಂಜಿನ್ನನ್ನು ಒದ್ದು ಎಬ್ಬಿಸುವುದಕ್ಕೂ ಗೇರು ಬದಲಾಯಿಸುವುದಕ್ಕೂ ಒಂದೇ ಸನ್ನೆಗೋಲು. ನಗರದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಈ ಬಂಡಿಗಳ ತಯಾರಿಕೆ ಪ್ರಾರಂಭವಾಯಿತು. ಮುಂದೆ ಅವು ಯೆಜ್ಡಿ ಎಂಬ ಹೆಸರನ್ನು ಹೊತ್ತು, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮಣ್ಣುರಸ್ತೆಗಳಲ್ಲಿ ಶಾನುಭೋಗರಿಗೂ ತೋಟದ ಯಜಮಾನರಿಗೂ ಹಾಲಿನ ವರ್ತಕರಿಗೂ ವಾಹನವಾದುವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಬಂಡಿಗಳು ನಿಲ್ಲಲಿಲ್ಲ.

ನಿಲ್ಲದಿರುವುದಕ್ಕೆ ಕಾರಣವನ್ನು ಹುಡುಕಿದರೆ, ಅದು ದೊಡ್ಡ ಕಾರ್ಖಾನೆಯ ಆವರಣದಲ್ಲಿ ಸಿಕ್ಕುವುದಿಲ್ಲ. ಊರೊಳಗಿನ ಕಿರಿದಾದ ಲೇತು ಅಂಗಡಿಗಳಲ್ಲಿ ಸಿಕ್ಕುತ್ತದೆ. ಬಿಡಿಭಾಗ ಪೇಟೆಯಲ್ಲಿ ದೊರೆಯದಾದಾಗ ಸವೆದ ಹಳೆಯ ಬುಷ್ಷನ್ನೋ ಪಿನ್ನನ್ನೋ ಮಾದರಿಗೆಂದು ತಂದಿಟ್ಟು, "ಇದರಂತೆಯೇ ಒಂದನ್ನು ಕಡೆದುಕೊಡಿ" ಎಂದು ಕೇಳುವುದು ಈ ಸೀಮೆಯಲ್ಲಿ ವಾಡಿಕೆಯಾಯಿತು. 2018ರಲ್ಲಿ ಜಾವಾ ಎಂಬ ಹೆಸರು ಭಾರತದ ಪೇಟೆಗೆ ಮರಳಿ ಬಂದಿತಾದರೂ ಆ ಹೊಸ ಬಂಡಿಗಳು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನ ಹಳೆಯ ಬಂಡಿಗಳ ಆಯುಷ್ಯವನ್ನು ಕಾದವರು ಟರ್ನರು, ವೆಲ್ಡರು, ಕಮ್ಮಾರರೇ.

ಈ ಜಾವಾ ವಂಶಕ್ಕೆ ಒಂದು ಸ್ವಾರಸ್ಯವಾದ ಪೂರ್ವಕಥೆಯುಂಟು. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ 500 ಸಿ.ಸಿ. ಮೋಟಾರ್ ಸೈಕಲ್ಲಿನ ವಿನ್ಯಾಸವೊಂದನ್ನು ಕೊಂಡುಕೊಂಡನು. ಅವನ ಹೆಸರಿನ ಮೊದಲೆರಡು ಅಕ್ಷರಗಳೂ ವಾಂಡರರ್ ಹೆಸರಿನ ಮೊದಲೆರಡು ಅಕ್ಷರಗಳೂ ಕೂಡಿ 'ಜಾವಾ' ಆಯಿತು. ಮೈಸೂರಿನ ಜಾವಾಗಳೆಲ್ಲ ಸರಪಳಿಯಿಂದ ಓಡಿದುವು. ಆದರೆ ಅವುಗಳ ಮೂಲಪುರುಷನಾದ ಆ ಮೊದಲನೆಯ ಜಾವಾದಲ್ಲಿ ಸರಪಳಿಯೇ ಇರಲಿಲ್ಲ. ಎಂಜಿನ್ನಿನ ಶಕ್ತಿಯನ್ನು ತಿರುಗುವ ಉಕ್ಕಿನ ದಂಡವೊಂದು, ಎಂದರೆ ಶಾಫ್ಟು, ಹಿಂದಿನ ಗಾಲಿಗೆ ಮುಟ್ಟಿಸುತ್ತಿತ್ತು. ಬಂಡಿ ಗಟ್ಟಿಯಾಗಿತ್ತು, ಬೆಲೆಯೂ ಗಟ್ಟಿಯಾಗಿತ್ತು. 1932ರಲ್ಲಿ ಅಗ್ಗದ 175 ಸಿ.ಸಿ. ಬಂಡಿಯನ್ನು ಹೊರತಂದ ಮೇಲೆಯೇ ಜಾವಾ ಜನಸಾಮಾನ್ಯರ ಬಾಗಿಲಿಗೆ ಬಂದದ್ದು.

ಶಾಫ್ಟಿನ ಬಂಡಿ ಜಗತ್ತಿಗೆ ಹೊಸದಲ್ಲ. ಬೆಲ್ಜಿಯಮ್ಮಿನ ಎಫ್.ಎನ್. ಸಂಸ್ಥೆ 20ನೆಯ ಶತಮಾನದ ಆದಿಯಲ್ಲೇ ಅದನ್ನು ಮಾಡಿತ್ತು, ಜರ್ಮನಿಯ ಬಿ.ಎಂ.ಡಬ್ಲ್ಯು. 1923ರ ತನ್ನ ಆರ್ 32 ಬಂಡಿಯಿಂದ ಮೊದಲುಮಾಡಿ ಅದನ್ನು ಮನೆತನದ ಲಾಂಛನವನ್ನಾಗಿಯೇ ಮಾಡಿಕೊಂಡಿತು. ಆದರೆ ಇಂಥ ಬಂಡಿಯನ್ನು ಮನೆಯಂಗಳದಲ್ಲಿ ತಾನೇ ಕಟ್ಟಬೇಕೆಂದು ಹೊರಟ ಹವ್ಯಾಸಿಗೆ ಅಂಗಡಿಯಲ್ಲಿ ಕೊಳ್ಳಲು ಏನೂ ಸಿಕ್ಕುವುದಿಲ್ಲ. ಎಂಜಿನ್ನು ಒಂದು ಬಂಡಿಯದು, ಗಾಲಿ ಇನ್ನೊಂದರದು; ಇವೆರಡರ ನಡುವಿನ ಎಲ್ಲವನ್ನೂ ಅಳತೆಗೆ ತಕ್ಕಂತೆ ಮಾಡಿಸಬೇಕು. ಆ ನಡುವಿನ ಒಂದೂವರೆ ಅಡಿ ಉಕ್ಕಿಗಾಗಿ ಮೈಸೂರಿನ ಪಶ್ಚಿಮದ ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿದರೆ ಏನೇನು ದೊರಕೀತು? ಈ ಪ್ರಶ್ನೆಯನ್ನು ಹಿಡಿದು ಹೊರಟವನಿಗೆ ಸೀಮೆಯ ಬೇರೊಂದು ಮುಖವೇ ಕಾಣುತ್ತದೆ.

ಎಡತೊರೆಯ ಗದ್ದೆಯಲ್ಲಿ

ಮೈಸೂರಿನ ವಾಯವ್ಯಕ್ಕೆ, ಕಾವೇರಿಯ ದಂಡೆಯಲ್ಲಿ ಅರ್ಕೇಶ್ವರನ ಸನ್ನಿಧಿಯುಳ್ಳ ಹಳೆಯ ಊರು ಎಡತೊರೆ. 1924ರ ಮಹಾಪ್ರವಾಹದ ಬಳಿಕ, ಎತ್ತರದ ನೆಲದಲ್ಲಿ ಅಗಲವಾದ ಬೀದಿಗಳ ಹೊಸ ಊರೊಂದು ಎದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಿಂದ ಕೃಷ್ಣರಾಜನಗರವಾಯಿತು. ನಾಲೆಯ ನೀರುಂಡು ಬೆಳೆದ ಗದ್ದೆಗಳಿಂದ ಇದು ಭತ್ತದ ಕಣಜವೆಂದು ಹೆಸರಾದ ತಾಲ್ಲೂಕು. ಇಲ್ಲಿಗೆ ಬಂದ ಯಾತ್ರಿಕನು ದೇವಸ್ಥಾನವನ್ನೂ ಚುಂಚನಕಟ್ಟೆಯ ಜಲಪಾತವನ್ನೂ ನೋಡಿ ಹಿಂದಿರುಗುತ್ತಾನೆ. ಶಾಫ್ಟನ್ನು ಹುಡುಕಿ ಬಂದವನು ನೋಡಬೇಕಾದದ್ದು ಗದ್ದೆಯನ್ನು.

ನಾಟಿಗೆ ಮುನ್ನ ಕೆಸರನ್ನು ಹದಮಾಡುವ ಟ್ರಾಕ್ಟರಿನ ಹಿಂಭಾಗವನ್ನು ಗಮನಿಸಿದರೆ, ಅಲ್ಲಿ ನಿಮಿಷಕ್ಕೆ 540 ಸುತ್ತು ತಿರುಗುವಂತೆ ಗೊತ್ತುಮಾಡಿದ ದಂಡವೊಂದು ರೋಟವೇಟರಿಗೆ ಶಕ್ತಿಯನ್ನು ಕೊಡುತ್ತಿರುತ್ತದೆ. ಅದರ ಎರಡು ತುದಿಗಳಲ್ಲೂ ಕೈಯ ಮಣಿಕಟ್ಟಿನಂತೆ ಯಾವ ಕಡೆಗಾದರೂ ಬಾಗುವ ಕೀಲುಗಳಿವೆ. ಎರಡು ಉಕ್ಕಿನ ಕವೆಗಳ ನಡುವೆ ಕೂಡಿಸಿದ ಅಡ್ಡಕೀಲೇ ಯೂನಿವರ್ಸಲ್ ಜಾಯಿಂಟು. ಮೆಕ್ಯಾನಿಕ್ಕುಗಳ ಬಾಯಲ್ಲಿ ಬರಿಯ 'ಕ್ರಾಸು'. ದಂಡದ ನಡುವೆ, ಒಂದರೊಳಗೊಂದು ಜಾರುವ ಹಲ್ಲುಗೆರೆಗಳ ಕೊಳವೆಯಿದೆ. ಯಂತ್ರವು ಮೇಲೆದ್ದು ಕೆಳಗಿಳಿದಂತೆ ದಂಡವು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ರೋಟವೇಟರಿನ ಪೆಟ್ಟಿಗೆಯೊಳಗೆ ಬೆವೆಲ್ ಗೇರುಗಳು ತಿರುಗುವ ದಿಕ್ಕನ್ನು ಲಂಬಕ್ಕೆ ಹೊರಳಿಸುತ್ತವೆ. ಮೋಟಾರ್ ಸೈಕಲ್ಲಿನ ಶಾಫ್ಟಿಗೆ ಬೇಕಾದುದೂ ಇಷ್ಟೇ: ಬಾಗುವ ಕೀಲು, ಜಾರುವ ಕೊಳವೆ, ಹೊರಳಿಸುವ ಗೇರು. ಪರದೇಶದ ದುಬಾರಿ ಬಂಡಿಗಳ ಗುಟ್ಟು ಎಡತೊರೆಯ ಕೆಸರಿನಲ್ಲಿ ದಿನವೂ ತಿರುಗುತ್ತಿದೆ!

ಆ ಕೀಲಿಗೆ ಒಂದು ಕುಹಕಬುದ್ಧಿಯುಂಟು. ಅದು ಬಾಗಿದ ಸ್ಥಿತಿಯಲ್ಲಿ ತಿರುಗಿದಾಗ ವೇಗವನ್ನು ಸಮವಾಗಿ ದಾಟಿಸುವುದಿಲ್ಲ. 20 ಡಿಗ್ರಿ ಬಾಗಿದ ಒಂದೇ ಕೀಲಿಗೆ ನಿಮಿಷಕ್ಕೆ 1000 ಸುತ್ತಿನ ವೇಗವನ್ನು ಕೊಟ್ಟರೆ, ಆಚೆಯ ದಂಡದ ವೇಗವು ಒಂದೊಂದು ಸುತ್ತಿನಲ್ಲೂ ಎರಡೆರಡು ಸಲ 940ಕ್ಕೆ ಇಳಿದು 1064ಕ್ಕೆ ಏರುತ್ತದೆ. ಸವಾರನಿಗೆ ಇದು ನಡುಕವಾಗಿ ತಟ್ಟುತ್ತದೆ. ಗೇರಿನ ಹಲ್ಲಿಗೆ ಸುತ್ತಿಗೆಯ ಪೆಟ್ಟಾಗುತ್ತದೆ. ಎರಡು ಕೀಲುಗಳನ್ನು ಸಮಕೋನದಲ್ಲಿ ಬಾಗಿಸಿ, ದಂಡದ ಎರಡು ತುದಿಯ ಕವೆಗಳೂ ಒಂದೇ ನೇರದಲ್ಲಿರುವಂತೆ ಕೂಡಿಸಿದರೆ, ಒಂದರ ದೋಷವನ್ನು ಇನ್ನೊಂದು ನುಂಗಿಕೊಳ್ಳುತ್ತದೆ. ಬೆಸುಗೆ ಹಾಕುವಾಗ ಕವೆಯು ಕಾಲುಸುತ್ತು ತಪ್ಪಿದರೆ ದೋಷವು ಅಳಿಯುವ ಬದಲು ಇಮ್ಮಡಿಯಾಗುತ್ತದೆ. ಟ್ರಾಕ್ಟರಿನ ದಂಡವನ್ನು ಬಿಚ್ಚಿ ಸೇರಿಸುವ ಅನುಭವಿ ರಿಪೇರಿಗಾರನು ಸಮೀಕರಣವನ್ನು ಓದಿರಬೇಕಾಗಿಲ್ಲ; ಬಿಚ್ಚುವ ಮೊದಲು ಎರಡು ತುಂಡಿಗೂ ಸೇರುವಂತೆ ಚಾಣದಿಂದ ಒಂದು ಗೆರೆ ಎಳೆದಿಟ್ಟುಕೊಂಡರೆ ಸಾಕು. ಆ ಒಂದು ಗೆರೆಯಲ್ಲಿ ಶಾಸ್ತ್ರವೆಲ್ಲ ಅಡಗಿದೆ.

ಹಳೆಯ ಟ್ರಾಕ್ಟರಿನ ಉಕ್ಕನ್ನು ಹೀನವಾಗಿ ಕಾಣಬಾರದು. ನ್ಯೂಜಿಲೆಂಡಿನ ಬರ್ಟ್ ಮನ್ರೋ ಎಂಬಾತ ಮನೆಯ ಷೆಡ್ಡಿನಲ್ಲೇ ಪಿಸ್ಟನ್ನುಗಳನ್ನು ಎರಕಹೊಯ್ದು, ಟ್ರಾಕ್ಟರಿನ ಅಚ್ಚಿನಿಂದ ಕನೆಕ್ಟಿಂಗ್ ರಾಡುಗಳನ್ನು ಕೆತ್ತಿ, ತನ್ನ ಹಳೆಯ ಇಂಡಿಯನ್ ಮೋಟಾರ್ ಸೈಕಲ್ಲಿನಿಂದ 1967ರಲ್ಲಿ ಅಮೆರಿಕದ ಬಾನೆವಿಲ್ ಉಪ್ಪುಬಯಲಿನಲ್ಲಿ ವೇಗದ ದಾಖಲೆಯನ್ನು ಸ್ಥಾಪಿಸಿದನು. ಭಾಗವು ಸಿಕ್ಕದಿದ್ದರೆ ಭಾಗವನ್ನು ಮಾಡು ಎಂಬ ಹಟ ಯಾವ ಒಂದು ದೇಶದ ಸೊತ್ತೂ ಅಲ್ಲ.

ಹುಣಸೂರಿನ ಗಾಲಿ

ಕೃಷ್ಣರಾಜನಗರದಿಂದ ನೈಋತ್ಯಕ್ಕೆ ತಿರುಗಿದರೆ ಲಕ್ಷ್ಮಣತೀರ್ಥ ನದಿಯ ಮೇಲಿನ ಹುಣಸೂರು. ಮಡಿಕೇರಿಯ ಬಸ್ಸು ಹಿಡಿದವರಿಗೆ ಇದು ಕಾಫಿ ಕುಡಿಯಲು ಇಳಿಯುವ ಊರು. ಆದರೆ ಗಾಲಿಯ ಚರಿತ್ರೆಯಲ್ಲಿ ಹುಣಸೂರಿಗೆ ದೊಡ್ಡ ಸ್ಥಾನವಿದೆ. ಸೈನ್ಯದ ಭಾರವನ್ನೆಳೆಯುವ ಎತ್ತುಗಳಿಗೆ ಹೆಸರಾದ ಅಮೃತಮಹಲ್ ಇಲಾಖೆಗೆ 19ನೆಯ ಶತಮಾನದ ಆರಂಭದಿಂದ ಅನೇಕ ದಶಕಗಳ ಕಾಲ ಇದೇ ಕೇಂದ್ರಸ್ಥಾನ. ಮದ್ರಾಸ್ ಸೈನ್ಯದ ಕಮಿಸರಿಯಟ್ಟಿಗೆ ಸೇರಿದ ಚರ್ಮ ಹದಮಾಡುವ ಕಾರ್ಖಾನೆ, ಮರದ ಕೋಠಿ, ಕಂಬಳಿಯ ಕಾರ್ಖಾನೆಗಳೂ ಇಲ್ಲಿದ್ದುವು. ಅವೆಲ್ಲ ಮುಚ್ಚಿದ ಮೇಲೂ ಕಲಿತ ಕೈಗಳು ಊರಿನಲ್ಲೇ ಉಳಿದುವು. 20ನೆಯ ಶತಮಾನದ ಆರಂಭದಲ್ಲಿ ಹುಣಸೂರು ತನ್ನ ಎತ್ತಿನ ಗಾಡಿಗಳಿಗೂ ಕಂಬಳಿಗೂ ಪಾದರಕ್ಷೆಗೂ ಪ್ರಸಿದ್ಧವಾಗಿತ್ತು. ಕಾರ್ಖಾನೆಯೊಂದು ಮುಚ್ಚಿ, ಅದರ ಕಸುಬು ಊರಿನಲ್ಲಿ ಉಳಿಯುವ ಕಥೆ ಯಾದವಗಿರಿಗಿಂತ ಬಹು ಮೊದಲೇ ಇಲ್ಲಿ ನಡೆದಿತ್ತು.

ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ತೊಡಿಸುವುದನ್ನು ನೋಡಿದವರಿಗೆ ಅದು ಮರೆಯುವಂಥದಲ್ಲ. ಪಟ್ಟಿಯ ಸುತ್ತಳತೆಯನ್ನು ಗಾಲಿಗಿಂತ ತುಸು ಕಡಿಮೆಯಾಗಿಯೇ ಮಾಡುತ್ತಾರೆ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಸಿ, ಇಕ್ಕಳಗಳಿಂದ ಎತ್ತಿ ಮರದ ಗಾಲಿಯ ಮೇಲೆ ಕೂರಿಸಿ, ಕೂಡಲೇ ನೀರು ಸುರಿಯುತ್ತಾರೆ. ಐದಡಿ ವ್ಯಾಸದ ಪಟ್ಟಿಯು 500 ಡಿಗ್ರಿಯಷ್ಟು ಬಿಸಿಯೇರಿದಾಗ ಸುತ್ತಳತೆಯಲ್ಲಿ ಒಂದಂಗುಲಕ್ಕಿಂತ ತುಸು ಹೆಚ್ಚೇ ಹಿಗ್ಗುತ್ತದೆ. ತಣಿದಾಗ ಅಷ್ಟೂ ಕುಗ್ಗಿ ಮರದ ಕೀಲುಗಳನ್ನೆಲ್ಲ ಬಿಗಿದುಹಿಡಿಯುತ್ತದೆ. ಮೊಳೆಯ ಬಲವಲ್ಲ, ಅಳತೆಯ ಬಲ. ಪಟ್ಟಿ ದೊಡ್ಡದಾದರೆ ಕಳಚಿಬೀಳುತ್ತದೆ. ಚಿಕ್ಕದಾದರೆ ಗಾಲಿಯೇ ಸೊಟ್ಟಗಾಗುತ್ತದೆ.

ಶಾಫ್ಟಿನ ಕೆಲಸದಲ್ಲಿ ಇದೇ ವಿದ್ಯೆ ಕಿರಿದಾಗಿ, ಸೂಕ್ಷ್ಮವಾಗಿ ಮರಳಿಬರುತ್ತದೆ. ದಂಡದ ಮೇಲೆ ಬೇರಿಂಗನ್ನು ಕೂರಿಸುವಾಗ, ದಂಡವು ಬೇರಿಂಗಿನ ಒಳರಂಧ್ರಕ್ಕಿಂತ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ದಪ್ಪವಾಗಿರಬೇಕಾಗುತ್ತದೆ. ಮನುಷ್ಯನ ತಲೆಗೂದಲು ಇದರ ಐದಾರು ಪಾಲಾದರೂ ದಪ್ಪ. 25 ಮಿಲಿಮೀಟರ್ ರಂಧ್ರದ ಬೇರಿಂಗನ್ನು ಬಿಸಿಯೆಣ್ಣೆಯಲ್ಲಿಟ್ಟು 80 ಡಿಗ್ರಿ ಏರಿಸಿದರೆ ರಂಧ್ರವು ಸುಮಾರು 0.024 ಮಿಲಿಮೀಟರ್ ಹಿಗ್ಗುತ್ತದೆ. ಆಗ ಅದು ಬೆರಳಿನ ಒತ್ತಡಕ್ಕೇ ಜಾರಿ ಕೂತು, ತಣಿದ ಮೇಲೆ ಕದಲದೆ ನಿಲ್ಲುತ್ತದೆ. ಬೆರಣಿಯ ಬೆಂಕಿಯ ಜಾಗದಲ್ಲಿ ಎಣ್ಣೆಯ ಬಾಣಲೆ, ದಾರದ ಅಳತೆಯ ಜಾಗದಲ್ಲಿ ಮೈಕ್ರೋಮೀಟರು. ತತ್ತ್ವ ಮಾತ್ರ ಒಂದೇ.

ಇಲ್ಲಿಯೇ ಹವ್ಯಾಸಿಯು ಕಲಿಯಬೇಕಾದ ಎರಡನೆಯ ಪಾಠವೂ ಇದೆ. ಎಲ್ಲವನ್ನೂ ಊರಿನಲ್ಲೇ ಮಾಡಿಸುವ ಹಟ ಒಳ್ಳೆಯದಲ್ಲ. ಲೆಕ್ಕಕ್ಕೆಂದು 20 ನ್ಯೂಟನ್ ಮೀಟರ್ ತಿರುಚುಬಲದ ಎಂಜಿನ್ನೊಂದನ್ನು ತೆಗೆದುಕೊಂಡರೆ, ಮೊದಲನೆಯ ಗೇರಿನಲ್ಲಿ ಒಟ್ಟು ಆರು ಪಟ್ಟು ಇಳಿವೇಗವಿದ್ದಾಗ ಶಾಫ್ಟಿನ ಮೇಲೆ ಬೀಳುವುದು 120 ನ್ಯೂಟನ್ ಮೀಟರ್. ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಇನ್ನೂ ಹೆಚ್ಚು. ಈ ತಿರುಚನ್ನು ತಾಳುವ ದಂಡಕ್ಕೆ ಗುಜರಿಯ ಸರಳು ಸಲ್ಲದು, ಟರ್ನರುಗಳು 'ಇ.ಎನ್. 24' ಎಂದು ಕರೆಯುವ ಮಿಶ್ರ ಉಕ್ಕಿನಂಥದು ಬೇಕು, ಅದನ್ನು ಹದವರಿತು ಕಾಯಿಸಿ ತಣಿಸಿರಬೇಕು. ದಿಕ್ಕನ್ನು ಹೊರಳಿಸುವ ಸುರುಳಿಹಲ್ಲಿನ ಕ್ರೌನು-ಪಿನಿಯನ್ನು ಜೋಡಿಯನ್ನಂತೂ ಸಾಮಾನ್ಯ ಲೇತಿನಲ್ಲಿ ಕಡೆಯಲು ಸಾಧ್ಯವೇ ಇಲ್ಲ. ಅದಕ್ಕೆ ಪ್ರತ್ಯೇಕ ಯಂತ್ರವೂ, ಹೊರಮೈಯನ್ನು ಮಾತ್ರ ಗಡಸುಗೊಳಿಸುವ ಉಷ್ಣಸಂಸ್ಕಾರವೂ ಬೇಕು. ಬುದ್ಧಿವಂತನು ಆ ಜೋಡಿಯನ್ನು ಸಿದ್ಧವಾದ ಯಾವುದಾದರೂ ವಾಹನದಿಂದ ಪಡೆದು, ಅದರ ಸುತ್ತಲಿನದನ್ನು ಮಾಡಿಸುತ್ತಾನೆ. ಕಾರಿನ ಜೋಡಿಯಾದರೆ ಇಳಿವೇಗವು ನಾಲ್ಕು ಪಟ್ಟಿಗಿಂತ ಹೆಚ್ಚಾಗಿದ್ದು, ಸುಮಾರು ಮೂರು ಪಟ್ಟು ಸಾಕಾಗುವ ಬಂಡಿಯ ಓಟ ಕುಂಟಬಹುದು. ಆದುದರಿಂದ ಹಲ್ಲುಗಳನ್ನು ಎಣಿಸಿಯೇ ಕೊಳ್ಳಬೇಕು. ಯಾವುದನ್ನು ತಾನು ಮಾಡಲಾರೆ ಎಂಬುದನ್ನು ಬಾಯಿಬಿಟ್ಟು ಹೇಳುವ ಟರ್ನರೇ ನಂಬತಕ್ಕ ಟರ್ನರು.

ಪಿರಿಯಾಪಟ್ಟಣದ ತಗಡು

ಹುಣಸೂರಿನಿಂದ ಮುಂದೆ ರಸ್ತೆಯು ಪಿರಿಯಾಪಟ್ಟಣದತ್ತ ಏರುತ್ತ ಹೋದಂತೆ, ಹೊಲಗಳ ನಡುವೆ ಎತ್ತರವಾದ, ಕಿಟಕಿಯಿಲ್ಲದ ಗೋಪುರಗಳಂಥ ಕಟ್ಟಡಗಳು ಕಾಣತೊಡಗುತ್ತವೆ. ಇವು ವರ್ಜೀನಿಯಾ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ನುಗಳು. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಅದರ ಕಾವು ಒಳಗಿನ ನೆಲದುದ್ದಕ್ಕೂ ಹರಿದ ತಗಡಿನ ದಪ್ಪ ಕೊಳವೆಗಳಲ್ಲಿ ಸುತ್ತಿ ಬರುತ್ತದೆ. ಹೊಗೆ ಎಲೆಯನ್ನು ಮುಟ್ಟಕೂಡದು, ಕಾವು ಮಾತ್ರ ಮುಟ್ಟಬೇಕು. ಒಂದು ಬೆಸುಗೆ ಬಿಟ್ಟರೆ ಬೆಳೆಯ ಬಣ್ಣವೂ ಹರಾಜುಕಟ್ಟೆಯಲ್ಲಿ ಅದರ ಬೆಲೆಯೂ ಕೆಡುತ್ತವೆ. ಆದಕಾರಣ ಈ ತಾಲ್ಲೂಕಿನ ತಗಡಿನ ಕೆಲಸದವರಿಗೆ ಕೊಳವೆಯನ್ನು ಬಾಗಿಸುವುದು, ಮೂಲೆಗೆ ಮೂಲೆಯನ್ನು ಸೇರಿಸುವುದು, ಸೋರದಂತೆ ಬೆಸೆಯುವುದು ಋತುಋತುವಿನ ಅಭ್ಯಾಸ.

ಮನೆಯ ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿಗೂ ಹೊಗೆಕೊಳವೆಗೂ ಈ ಕೈಗಳು ಸಲ್ಲುತ್ತವೆ. ಆದರೆ ಗೇರುಗಳನ್ನು ಹೊರುವ ಪೆಟ್ಟಿಗೆಯ ಮಾತು ಬೇರೆ. ಬೆಸುಗೆಯ ಕಾವಿನಲ್ಲಿ ಉಕ್ಕು ಎಳೆದುಕೊಳ್ಳುತ್ತದೆ. ಮೊದಲು ರಂಧ್ರಗಳನ್ನು ಕೊರೆದು ಆಮೇಲೆ ಬೆಸೆದರೆ ಅವು ನೇರ ತಪ್ಪುತ್ತವೆ. ಮೊದಲು ಬೆಸುಗೆ, ಆಮೇಲೆ ಕೊರೆತ, ಇದೇ ಕ್ರಮ. ಅನಂತರ ಪಿನಿಯನ್ನಿನ ಹಲ್ಲಿಗೆ ತೆಳುವಾಗಿ ಬಣ್ಣವನ್ನು ಸವರಿ ತಿರುಗಿಸಿ, ಕ್ರೌನಿನ ಹಲ್ಲಿನ ಮೇಲೆ ಗುರುತು ಎಲ್ಲಿ ಬೀಳುತ್ತದೆಂದು ನೋಡುತ್ತಾರೆ. ಹಣೆಯ ಕುಂಕುಮದಂತೆ ಅದು ಹಲ್ಲಿನ ನಡುವೆಯೇ ಬೀಳಬೇಕು. ಅಂಚಿಗೆ ಬಿದ್ದರೆ ತೆಳುವಾದ ಬಿಲ್ಲೆಗಳನ್ನು ಸೇರಿಸಿಯೋ ತೆಗೆದೋ ಸರಿಪಡಿಸಿ, ಮತ್ತೆ ಬಣ್ಣ, ಮತ್ತೆ ತಿರುಗಣೆ. ಒಂದು ದಿನ ಹಿಡಿಯುವ ಈ ತಾಳ್ಮೆಗೆ ಬೇಸತ್ತು ಗೇರನ್ನು ಹಾಗೆಯೇ ಮುಚ್ಚಿದವನು, ಕೆಲವೇ ಮೈಲಿಗಳಲ್ಲಿ ಅದರ ಕಿರುಚಾಟವನ್ನು ಕೇಳುತ್ತಾನೆ.

ಕೋಟೆಯ ಕಾಡುದಾರಿ

ಹುಣಸೂರಿಗೆ ಮರಳಿ ದಕ್ಷಿಣಕ್ಕೆ ಹೊರಳಿದರೆ ಹೆಗ್ಗಡದೇವನಕೋಟೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು, ಆನೆಗಳು ಓಡಾಡುವ ಕಾಡು, 1971ರಲ್ಲಿ ಕೊನೆಯ ಖೆಡ್ಡಾವನ್ನು ಕಂಡ ಕಾಕನಕೋಟೆ. ಪ್ರವಾಸಿಗೆ ಇವು ಸಾಕು. ಸವಾರನಿಗೆ ಈ ತಾಲ್ಲೂಕು ಪರೀಕ್ಷೆಯ ಅಂಗಳ. ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಕೆಂಪುಧೂಳು. ಬಯಲಾಗಿರುವ ಸರಪಳಿಯು ಧೂಳನ್ನೂ ಎಣ್ಣೆಯನ್ನೂ ಕಲಸಿ ತಿಂದು ತಾನೇ ಸವೆಯುತ್ತದೆ. ಆಗಾಗ ಬಿಗಿಮಾಡಬೇಕು, ಕೊನೆಗೆ ಬದಲಾಯಿಸಬೇಕು. ಕವಚದೊಳಗೆ ಎಣ್ಣೆಯಲ್ಲಿ ತಿರುಗುವ ಶಾಫ್ಟಿಗೆ ಈ ಪೀಡೆಯಿಲ್ಲ. ಅದರ ಹೆಗ್ಗಳಿಕೆಯೇ ಇದು.

ಆದರೆ ಸರಪಳಿಯ ಪರವಾಗಿಯೂ ಒಂದು ಮಾತಿದೆ. ಸರಪಳಿ ಕಡಿದರೆ ಜೇಬಿನಲ್ಲಿರುವ ಒಂದು ಕೊಂಡಿಯಿಂದ ಮರದ ನೆರಳಿನಲ್ಲೇ ಸರಿಮಾಡಬಹುದು. ಶಾಫ್ಟು ಮುರಿದರೆ ಬಂಡಿಯನ್ನು ಲಾರಿಗೆ ಏರಿಸಬೇಕು. ಕಾಡಿನ ನಡುವೆ ಹಾಯ್ದು ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧವಿದೆ. ಅಂಥಲ್ಲಿ ಹೊತ್ತು ಇಳಿಯುವಾಗ ಮುರಿದ ಶಾಫ್ಟಿನ ಪಕ್ಕದಲ್ಲಿ ನಿಲ್ಲುವುದು ತಮಾಷೆಯ ಸಂಗತಿಯಲ್ಲ. ಓಡುತ್ತಿರುವಾಗಲೇ ಕೀಲು ಸಿಕ್ಕಿಕೊಂಡು ಹಿಂದಿನ ಗಾಲಿ ಬಿಗಿದರಂತೂ ಸವಾರನ ಪ್ರಾಣಕ್ಕೇ ಸಂಚಕಾರ. ಬೇರಿಂಗಿನ ನೂರನೆಯ ಒಂದು ಭಾಗ, ಕವೆಯ ಒಂದು ಗೆರೆ, ಹಲ್ಲಿನ ಮೇಲಿನ ಬಣ್ಣದ ಗುರುತು, ಇವೆಲ್ಲ ಬರಿಯ ಅಚ್ಚುಕಟ್ಟುತನವಲ್ಲ. ಮನೆಗೆ ಮರಳಿಬರುವ ಭರವಸೆ.

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ನೋಂದಣಿಯಾದ ವಾಹನವನ್ನು ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ಹೊಸ ಮಾದರಿಯ ವಾಹನವು ರಸ್ತೆಗಿಳಿಯಬೇಕಾದರೆ ಅಧಿಕೃತ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಬೇಕು. ಆದುದರಿಂದ ಮನೆಯಲ್ಲಿ ಕಟ್ಟಿದ ಬಂಡಿಯು ಎಷ್ಟೇ ಸೊಗಸಾಗಿದ್ದರೂ ಸ್ವಂತ ತೋಟದ ದಾರಿಯಲ್ಲೋ ಪ್ರದರ್ಶನದ ಅಂಗಳದಲ್ಲೋ ಓಡಬೇಕೇ ಹೊರತು, ಶಾಲೆಯ ಮಕ್ಕಳು ನಡೆಯುವ ಬೀದಿಯಲ್ಲಲ್ಲ. ಹಳೆಯ ಜಾವಾಕ್ಕೆ ಅದರದೇ ಅಳತೆಯ ಬುಷ್ಷನ್ನು ಮಾಡಿಸುವುದು ಜೀರ್ಣೋದ್ಧಾರ. ಅದರ ಸರಪಳಿಯನ್ನು ಕಿತ್ತು ಶಾಫ್ಟನ್ನು ಹೂಡುವುದು ಹೊಸ ಸೃಷ್ಟಿ. ಎರಡಕ್ಕೂ ಜವಾಬ್ದಾರಿ ಒಂದೇ ಬಗೆಯದಲ್ಲ.

ಹಾಗಾದರೆ ಇಷ್ಟು ಶ್ರಮದಿಂದ ಬಂದ ಫಲವೇನು ಎಂದು ಲೆಕ್ಕ ಹಾಕುವ ಗೃಹಸ್ಥರು ಕೇಳಬಹುದು. ಆ ಹಣದಲ್ಲಿ ಹೊಸ ಬಂಡಿಯನ್ನೇ ಕೊಳ್ಳಬಹುದಲ್ಲ! ಕೊಳ್ಳಬಹುದು, ನಿಜ. ಆದರೆ ನಾಲ್ಕು ತಾಲ್ಲೂಕುಗಳನ್ನು ಸುತ್ತಿ ಒಂದು ದಂಡವನ್ನು ಮಾಡಿಸಿದವನಿಗೆ, ತನ್ನ ಸೀಮೆಯಲ್ಲಿ ಯಾರ ಕೈಯಲ್ಲಿ ಯಾವ ವಿದ್ಯೆಯಿದೆ ಎಂಬ ಅರಿವು ಬಂದಿರುತ್ತದೆ. ಆ ವಿದ್ಯೆಗಳು ಒಂದೊಂದಾಗಿ ತೆರೆಮರೆಗೆ ಸರಿಯುತ್ತಿವೆ. ಎತ್ತಿನ ಗಾಡಿಗೆ ರಬ್ಬರ್ ಟೈರು ಬಂದಂತೆ ಬೆರಣಿಯ ಬೆಂಕಿಯೂ ಅಪರೂಪವಾಯಿತು. ಲೇತು ಅಂಗಡಿಯ ಮಗ ಐ.ಟಿ.ಐ. ಮುಗಿಸಿ ನಗರದ ಕಾರ್ಖಾನೆಯನ್ನು ಹುಡುಕಿಕೊಂಡು ಹೋಗುತ್ತಾನೆ; ಅವನನ್ನು ದೂರುವಂತಿಲ್ಲ, ಊರಿನಲ್ಲಿ ಕೆಲಸ ಬೇಕಲ್ಲ. ಗಾಡಿಯ ಬಡಗಿಯ ಅಳತೆಗಳು ಅವನ ಕೈಯಲ್ಲಿದ್ದುವು, ಕಾಗದದಲ್ಲಿರಲಿಲ್ಲ. ಕೈ ನಿಂತಾಗ ಅಳತೆಯೂ ನಿಂತಿತು.

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ಭಾಗವೊಂದನ್ನು ಮಾಡಿಸಿಕೊಂಡವನು ಅದರ ನಕ್ಷೆಯನ್ನು ಬರೆದು, ವ್ಯಾಸ, ಉದ್ದ, ಉಕ್ಕಿನ ಜಾತಿ, ಬೇರಿಂಗಿನ ಸಂಖ್ಯೆಗಳನ್ನು ಗುರುತಿಸಿ, ಒಂದು ಪ್ರತಿಯನ್ನು ಮಾಡಿದವರ ಅಂಗಡಿಯಲ್ಲೇ ಬಿಟ್ಟುಬಂದರೆ ಸಾಕು. ಮುಂದೆ ಇನ್ನಾರೋ ಸವೆದ ತುಂಡನ್ನು ಹಿಡಿದು ಬಾಗಿಲಿಗೆ ಬಂದಾಗ ಆ ಹಾಳೆ ಮಾತನಾಡುತ್ತದೆ. ಸರಪಳಿಯಿಲ್ಲದ ಬಂಡಿಯು ರಸ್ತೆಯಲ್ಲಿ ಓಡಲಿ, ಓಡದಿರಲಿ. ಅದರ ನೆಪದಲ್ಲಿ ಕೈಯಿಂದ ಕೈಗೆ ಸಾಗುವ ವಿದ್ಯೆಯ ಸರಪಳಿ ಕಡಿಯದಿದ್ದರೆ ಶ್ರಮ ಸಾರ್ಥಕ.